ಆಟ ಮುಗಿದ ಮನೆ

ಮನುಷ್ಯ ಸತ್ತರೆ ಏನು ಮಾಡಬೇಕೆಂಬುದು ನಮಗೆ ಗೊತ್ತು. ಹೂಳುವುದೋ ಸುಡುವುದೋ, ಅವರವರ ಸಂಪ್ರದಾಯದಂತೆ ನಡೆದುಹೋಗುತ್ತದೆ. ಕೆಲವು ದಿನಗಳ ಮೇಲೆ ಮನೆಯವರು ಸಿಹಿ ಉಂಡು ತಮ್ಮ ತಮ್ಮ ಕೆಲಸಗಳಿಗೆ ಹೊರಡುತ್ತಾರೆ. ದೇವಾಲಯ ಜೀರ್ಣವಾದರೆ ಏನು ಮಾಡಬೇಕೆಂಬುದನ್ನೂ ನಮ್ಮ ಆಗಮಗಳು ಹೇಳಿವೆ. ಕೆಲಸಕ್ಕೆ ಕೈ ಹಚ್ಚುವ ಮುನ್ನ ವಿಗ್ರಹದಲ್ಲಿರುವ ದೈವಕಳೆಯನ್ನು ಕಲಶಕ್ಕೆ ಸೆಳೆದುಕೊಂಡು, ಬಾಲಾಲಯವೆಂಬ ಪುಟ್ಟ ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಗೋಡೆ ರಿಪೇರಿಯಾದ ಮೇಲೆ ದೇವರು ತನ್ನ ಮನೆಗೆ ಹಿಂತಿರುಗುತ್ತಾನೆ. ಇದರಲ್ಲಿ ನಂಬಿಕೆ ಇರುವವರೂ ಇಲ್ಲದವರೂ ಒಂದು ಮಾತನ್ನು ಒಪ್ಪಬಹುದು: ಹಾಗೆ ಮಾಡಿದವರಿಗೆ ಕಟ್ಟಡ ಬೇರೆ, ಕಟ್ಟಡದೊಳಗೆ ವಾಸವಾಗಿರುವುದು ಬೇರೆ ಎಂಬ ವಿವೇಕವಿತ್ತು.

ಆದರೆ ಕಟ್ಟಡ ಗಟ್ಟಿಯಾಗಿಯೇ ಇದ್ದು, ಅದು ಮಾಡುತ್ತಿದ್ದ ಕೆಲಸ ಮಾತ್ರ ಸತ್ತುಹೋದರೆ? ಇದಕ್ಕೆ ಯಾವ ಆಗಮವೂ ಇಲ್ಲ. ಹಳೆಯ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವ ದೇಹಿಯ ಉಪಮೆ ಗೀತೆಯಲ್ಲಿದೆ. ಇಲ್ಲಿ ಆದದ್ದು ಅದರ ತಿರುಗುಮುರುಗು. ಉಟ್ಟವನು ಹೊರಟುಹೋಗಿದ್ದಾನೆ, ಜರತಾರಿಯ ಬಟ್ಟೆ ಮಾತ್ರ ಗೂಟದ ಮೇಲೆ ತೂಗುತ್ತಿದೆ. ಅದನ್ನು ಹರಿದು ಒರಸುಬಟ್ಟೆ ಮಾಡೋಣವೇ, ಪೆಟ್ಟಿಗೆಯಲ್ಲಿಡೋಣವೇ, ಇನ್ನೊಬ್ಬನಿಗೆ ಉಡಿಸೋಣವೇ?

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಅತಿ ಹೆಚ್ಚಾಗಿ ಎಬ್ಬಿಸಿರುವುವು ಹಳೆಯ ಸಿನಿಮಾ ಮಂದಿರಗಳೇ ಎಂದು ನನಗೆ ತೋರುತ್ತದೆ. ಮೊದಲು ಟೆಲಿವಿಷನ್ನು, ಆಮೇಲೆ ಮಾಲುಗಳೊಳಗಿನ ಕಿರಿಯ ಮಂದಿರಗಳು, ಈಗ ಅಂಗೈಯಗಲದ ಫೋನು, ಹೀಗೆ ಒಂದರ ಮೇಲೊಂದು ಬಂದು ಸಾವಿರ ಆಸನದ ಅರಮನೆಗಳನ್ನು ಬರಿದು ಮಾಡಿದವು. ಅವು ಅರಮನೆಗಳೇ ಸರಿ. ನಾಲ್ಕು ಕಾಸು ಕೊಟ್ಟವನನ್ನು ಮೂರು ಗಂಟೆಯ ಮಟ್ಟಿಗೆ ಅರಸನಾಗಿ ನಡೆಸಿಕೊಳ್ಳುವುದಕ್ಕಾಗಿ ಕಟ್ಟಿದವು.

ಅಂಥದೊಂದು ಅರಮನೆಯ ಕಥೆಯನ್ನು ಮೊದಲು ಹೇಳುತ್ತೇನೆ. ದಕ್ಷಿಣ ಅಮೆರಿಕೆಯ ಅರ್ಜೆಂಟೀನಾ ದೇಶದ ರಾಜಧಾನಿ ಬ್ವೆನೊಸ್ ಐರಿಸ್. ಅಲ್ಲಿನ ಸಾಂತಾ ಫೇ ಹೆದ್ದಾರಿಯಲ್ಲಿ 1919ರಲ್ಲಿ ‘ಗ್ರಾನ್ ಸ್ಪ್ಲೆಂಡಿಡ್’ ಎಂಬ ನಾಟಕಶಾಲೆ ತೆರೆಯಿತು. ಕಟ್ಟಿಸಿದವನು ಮ್ಯಾಕ್ಸ್ ಗ್ಲುಕ್ಸ್‌ಮನ್. ಯುರೋಪಿನಿಂದ ಹುಡುಗನಾಗಿದ್ದಾಗಲೇ ವಲಸೆ ಬಂದು, ಚಲಚ್ಚಿತ್ರ ಮತ್ತು ಗ್ರಾಮಫೋನ್ ತಟ್ಟೆಗಳ ವ್ಯಾಪಾರದಲ್ಲಿ ಹೆಸರು ಮಾಡಿದವನು. ಒಳಗೆ ಸುತ್ತ ಮಹಡಿಯ ಮೇಲೆ ಮಹಡಿಯಾಗಿ ಪ್ರೇಕ್ಷಕರ ಗೂಡುಗಳು, ಭಾರ ಹೊತ್ತ ಸ್ತ್ರೀ ವಿಗ್ರಹಗಳು, ಕಡುಗೆಂಪು ತೆರೆ. ಮೇಲೆ ಗುಮ್ಮಟದಲ್ಲಿ ನಜಾರೆನೊ ಓರ್ಲಾಂಡಿ ಎಂಬ ಇಟಲಿಯ ಕಲಾವಿದ ಬರೆದ ಚಿತ್ರ. ಮೊದಲನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ಅವನು ಬರೆದದ್ದು ಶಾಂತಿಯ ಚಿತ್ರ. ಟ್ಯಾಂಗೊ ಹಾಡಿನ ಅರಸನೆನಿಸಿದ ಕಾರ್ಲೊಸ್ ಗಾರ್ಡೆಲ್ ಆ ರಂಗದ ಮೇಲೆ ಹಾಡಿದ್ದುಂಟು. ಕೆಲಕಾಲ ಆ ಕಟ್ಟಡದಿಂದಲೇ ಒಂದು ರೇಡಿಯೊ ನಿಲಯವೂ ನಡೆಯಿತು. 1929ರಲ್ಲಿ ನಾಟಕಶಾಲೆ ಸಿನಿಮಾ ಮಂದಿರವಾಗಿ, ಮಾತಾಡುವ ಚಿತ್ರಗಳನ್ನು ಆ ಊರಿಗೆ ತೋರಿಸಿತು. ಎಪ್ಪತ್ತು ವರ್ಷ ಕಳೆದು, ನಡೆಸಲಾಗದ ಸ್ಥಿತಿ ಬಂತು. ಕೆಡವುವ ಮಾತೂ ಬಂತು. ಆಗ ಒಂದು ಪುಸ್ತಕ ವ್ಯಾಪಾರದ ಕಂಪನಿ ಅದನ್ನು ಬಾಡಿಗೆಗೆ ಹಿಡಿದು, 2000ದಲ್ಲಿ ಪುಸ್ತಕದಂಗಡಿಯನ್ನಾಗಿ ಮಾಡಿತು.

ಆಸನಗಳನ್ನು ಕಿತ್ತು ಕಪಾಟುಗಳನ್ನು ಇಟ್ಟರು, ಉಳಿದದ್ದನ್ನು ಮುಟ್ಟಲಿಲ್ಲ. ಗುಮ್ಮಟದ ಚಿತ್ರ ಹಾಗೆಯೇ ಇದೆ. ತೆರೆ ಹಾಗೆಯೇ ಇಳಿಬಿದ್ದಿದೆ. ರಂಗಸ್ಥಳದಲ್ಲಿ ಕಾಫಿ ಹೋಟೆಲು. ಒಂದು ಕಾಲಕ್ಕೆ ಶ್ರೀಮಂತರು ಕುಳಿತು ದುರ್ಬೀನು ಹಿಡಿಯುತ್ತಿದ್ದ ಗೂಡುಗಳಲ್ಲಿ ಈಗ ಯಾರು ಬೇಕಾದರೂ ಕುರ್ಚಿ ಎಳೆದುಕೊಂಡು ಪುಸ್ತಕ ತೆರೆಯಬಹುದು. 2001ರ ಕೊನೆಯಲ್ಲಿ ಅರ್ಜೆಂಟೀನಾದ ಹಣಕಾಸಿನ ವ್ಯವಸ್ಥೆ ಕುಸಿದುಬಿದ್ದಿತು; ಅಂಗಡಿ ಅದನ್ನೂ ದಾಟಿ ಉಳಿಯಿತು. 2019ರಲ್ಲಿ, ಕಟ್ಟಡಕ್ಕೆ ನೂರು ತುಂಬಿದ ವರ್ಷ, ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಅದನ್ನು ಜಗತ್ತಿನ ಅತ್ಯಂತ ಸುಂದರವಾದ ಪುಸ್ತಕದಂಗಡಿ ಎಂದು ಕರೆಯಿತು. ನಾನು ಅಲ್ಲಿಗೆ ಹೋದವನಲ್ಲ. ಚಿತ್ರಗಳಲ್ಲಿ ಕಂಡು ಸಂತೋಷಪಟ್ಟವನು.

ಈ ಸಂತೋಷವನ್ನು ನನ್ನ ಮಿತ್ರರೊಬ್ಬರ ಮುಂದೆ ಹೇಳಿಕೊಂಡೆ. ಅವರು ಇಂಜಿನಿಯರಾಗಿದ್ದು ನಿವೃತ್ತರಾದವರು. ಭಾವುಕತೆಯನ್ನು ಸಿಮೆಂಟಿನಲ್ಲಿ ಮರಳು ಹೆಚ್ಚಾದಂತೆ ಕಾಣುವವರು. “ಅದು ನಾಟಕಶಾಲೆ ಉಳಿದಂತೆ ಹೇಗಾಯಿತು ಸ್ವಾಮಿ? ಹುಲಿಯ ತೊಗಲಿಗೆ ಹುಲ್ಲು ತುಂಬಿ ದಿವಾನಖಾನೆಯಲ್ಲಿ ನಿಲ್ಲಿಸಿದರೆ ಹುಲಿ ಉಳಿಯಿತೇ?” ಎಂದರು.

ಮಾತು ಚುಚ್ಚುವಂಥದು. ಆದರೆ ಈ ಪ್ರಶ್ನೆ ನಮ್ಮ ದೇಶಕ್ಕೆ ಹಳೆಯದು. ಮಿಲಿಂದರಾಜನನ್ನು ಭಿಕ್ಷು ನಾಗಸೇನ ಕೇಳಲಿಲ್ಲವೇ? ನೀನು ಬಂದದ್ದು ರಥದಲ್ಲಿ. ಆ ರಥವೆಂದರೆ ಯಾವುದು? ಗಾಲಿಯೇ, ಅಚ್ಚೇ, ನೊಗವೇ? ಒಂದೂ ಅಲ್ಲ. ಎಲ್ಲವೂ ಕೂಡಿ ಓಡಿದಾಗ ಜನ ಕೊಟ್ಟ ಹೆಸರು ರಥ. ಹಾಗೆಯೇ ಸಿನಿಮಾ ಮಂದಿರವೆಂದರೆ ಗಾರೆಯೂ ಅಲ್ಲ, ಪರದೆಯೂ ಅಲ್ಲ, ಪ್ರೊಜೆಕ್ಟರೂ ಅಲ್ಲ. ಹಾಗಾದರೆ ಯಾವುದನ್ನು ಉಳಿಸಿದರೆ ಅದನ್ನು ಉಳಿಸಿದಂತೆ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ಇನ್ನೊಂದು ಊರಿನ ಕಥೆ. ಅಮೆರಿಕದ ಡೆಟ್ರಾಯಿಟ್ ನಗರದ ಬ್ಯಾಗ್ಲಿ ರಸ್ತೆಯ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ, 1896ರ ಜೂನ್ ತಿಂಗಳಲ್ಲಿ, ಹೆನ್ರಿ ಫೋರ್ಡ್ ತನ್ನ ಮೊದಲನೆಯ ಮೋಟಾರು ಗಾಡಿಯನ್ನು ಕಟ್ಟಿ ಮುಗಿಸಿದ. ಗಾಡಿ ಸಿದ್ಧವಾದ ಮೇಲೆ ನೋಡಿದರೆ ಕೊಟ್ಟಿಗೆಯ ಬಾಗಿಲು ಚಿಕ್ಕದು. ಇಟ್ಟಿಗೆ ಒಡೆದು ಗಾಡಿಯನ್ನು ಹೊರಗೆ ತರಬೇಕಾಯಿತು. ಮರು ತಿಂಗಳೇ, ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಲಚ್ಚಿತ್ರಗಳನ್ನು ನಮ್ಮ ದೇಶದಲ್ಲಿ ಮೊದಲ ಬಾರಿಗೆ ತೋರಿಸಿದರು. ಮೋಟಾರು, ಸಿನಿಮಾ ಎರಡೂ ಹೆಚ್ಚುಕಡಮೆ ಒಂದೇ ವಯಸ್ಸಿನವು ಎಂಬುದನ್ನು ನೆನಪಿಡಬೇಕು.

ಫೋರ್ಡನ ಆ ಕೊಟ್ಟಿಗೆ ಇದ್ದ ಜಾಗದಲ್ಲಿ 1926ರಲ್ಲಿ ‘ಮಿಷಿಗನ್’ ಎಂಬ ಸಿನಿಮಾ ಮಂದಿರ ಎದ್ದಿತು. 4,000ಕ್ಕೂ ಹೆಚ್ಚು ಆಸನಗಳು. ಫ್ರಾನ್ಸಿನ ದೊರೆಗಳ ಅರಮನೆಯನ್ನು ನೆನಪಿಸುವ ಛಾವಣಿ. ಮೋಟಾರು ಕಾರ್ಖಾನೆಗಳಲ್ಲಿ ದುಡಿದವರು ಸಂಜೆ ಅಲ್ಲಿ ಬಂದು ಕುಳಿತರು. ಕಾಲ ಬದಲಾಯಿತು. ಅದೇ ಮೋಟಾರು ಏರಿ ಜನ ಊರಾಚೆಯ ಬಡಾವಣೆಗಳಿಗೆ ಹೋದರು. ನಡು ಊರು ಬರಿದಾಯಿತು. 1970ರ ದಶಕದಲ್ಲಿ ಮಂದಿರ ಮುಚ್ಚಿತು. ಅಂಟಿಕೊಂಡಿದ್ದ ಕಚೇರಿಯ ಕಟ್ಟಡಕ್ಕೆ ಕಾರು ನಿಲ್ಲಿಸಲು ಜಾಗ ಬೇಕಾಗಿತ್ತು. ಮಂದಿರವನ್ನು ಪೂರ್ತಿ ಕೆಡವಿದರೆ ಕಚೇರಿಯ ಗೋಡೆಗೆ ಅಪಾಯವೆಂದು, ಒಳಗಿನದನ್ನು ಕಿತ್ತು, ಕಾಂಕ್ರೀಟಿನ ಮೂರು ಅಟ್ಟಗಳನ್ನು ಹಾಕಿದರು. ಗಾರೆಯ ಹೂಬಳ್ಳಿಗಳ ಕೆಳಗೆ ಕಾರುಗಳು ಸಾಲಾಗಿ ನಿಂತವು. ಗೋಡೆ ಒಡೆದುಕೊಂಡು ಹೊರಗೆ ಹೋಗಿದ್ದ ಗಾಡಿ, ಎಂಬತ್ತು ವರ್ಷ ಊರೆಲ್ಲ ಸುತ್ತಿ, ಅರಮನೆಯನ್ನು ನುಂಗಿ, ಹುಟ್ಟಿದ ಹಿತ್ತಲಿಗೇ ಮರಳಿತು. ಯಾವ ಕಾದಂಬರಿಕಾರನಾದರೂ ಇದನ್ನು ಬರೆದಿದ್ದರೆ ಅತಿಯಾಯಿತೆಂದು ವಿಮರ್ಶಕರು ಗದರುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬ್ವೆನೊಸ್ ಐರಿಸಿನಲ್ಲಿಯೂ ಗಾರೆ ಉಳಿಯಿತು, ಡೆಟ್ರಾಯಿಟಿನಲ್ಲಿಯೂ ಅಷ್ಟಿಷ್ಟು ಉಳಿಯಿತು. ಎರಡೂ ಕಡೆ ಆಟ ನಿಂತಿತು. ಆದರೂ ಮೊದಲನೆಯದನ್ನು ಕಂಡು ಸಂತೋಷ, ಎರಡನೆಯದನ್ನು ಕಂಡು ಸಂಕಟ. ಈ ಭೇದ ಎಲ್ಲಿಂದ ಬಂತು? ಗಾರೆಯಿಂದ ಬಂದದ್ದಲ್ಲ. ಒಂದು ಕಡೆ ಮನುಷ್ಯರು ಇನ್ನೂ ತಲೆಯೆತ್ತಿ ಶಾಂತಿಯ ಚಿತ್ರವನ್ನು ನೋಡುತ್ತಾರೆ. ಇನ್ನೊಂದು ಕಡೆ ನೋಡಲು ಯಾರೂ ನಿಲ್ಲುವುದಿಲ್ಲ, ಗಾಡಿಗಳು ನಿಲ್ಲುತ್ತವೆ.

ಆದ್ದರಿಂದ ನಾನು ಒಂದು ಅಳತೆಗೋಲು ಮಾಡಿಕೊಂಡೆ. ಕಟ್ಟಡದ ಧರ್ಮ ಅದರ ಬಾಗಿಲಿನಲ್ಲಿದೆ. ಅದು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬಂದವರನ್ನು ಹೇಗೆ ಕೂಡಿಸುತ್ತದೆ ಎಂಬುದೇ ಅದರ ನಡತೆ. ನಮ್ಮ ದೇಶದ ಸಿನಿಮಾ ಮಂದಿರಗಳನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಟಿಕೆಟಿನ ಕಿಂಡಿಯಲ್ಲಿ ಬಹುಮಟ್ಟಿಗೆ ಕಾಸು ಕೇಳಿದರೇ ಹೊರತು ಕುಲ ಕೇಳಲಿಲ್ಲ. ಅಂತಸ್ತು ಇತ್ತು, ನಿಜ. ಮುಂದಿನ ಸಾಲುಗಳಿಗೆ ಗಾಂಧಿ ಕ್ಲಾಸೆಂದು ಹೆಸರಿಟ್ಟದ್ದರಲ್ಲಿ ಸ್ವಲ್ಪ ಕುಚೋದ್ಯವೂ ಇದ್ದೀತು. ಆದರೆ ದೀಪ ಆರಿದ ಮೇಲೆ ಬಾಲ್ಕನಿಯವನೂ ಗಾಂಧಿ ಕ್ಲಾಸಿನವನೂ ಒಂದೇ ಗಳಿಗೆಯಲ್ಲಿ ನಕ್ಕರು, ಒಂದೇ ಗಳಿಗೆಯಲ್ಲಿ ಕಣ್ಣೊರಸಿಕೊಂಡರು. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರದ ಜನರಿಗೆ ಅಳುವುದಕ್ಕೆ ಒಂದು ಪಂಕ್ತಿಯನ್ನು ಸಿನಿಮಾ ಹಾಕಿಕೊಟ್ಟಿತು.

ಇದಕ್ಕೆ ಅರಮನೆಯೇ ಬೇಕೆಂದೂ ಇರಲಿಲ್ಲ. ಸಣ್ಣ ಊರುಗಳಲ್ಲಿ ಬೆಳೆದ ಓದುಗರಿಗೆ ಟೂರಿಂಗ್ ಟಾಕೀಸು ನೆನಪಿರಬೇಕು. ಘಂಟಸಾಲರ ದನಿಯಲ್ಲಿ ವೆಂಕಟೇಶನ ಸ್ತುತಿ ಕೇಳಿಬಂದರೆ ಆಟ ಶುರುವಾಗುತ್ತದೆಂದು ಊರಿಗೆಲ್ಲ ಗೊತ್ತು. ನೆಲದ ಮರಳನ್ನು ಗುಡ್ಡೆ ಮಾಡಿ ಮುಂದಿನವನಿಗಿಂತ ಎತ್ತರವಾಗಿ ಕೂರುವ ವಿದ್ಯೆ ನಮಗೆಲ್ಲ ಕರಗತವಾಗಿತ್ತು. ಒಂದು ದಿನ ಗೂಟ ಕಿತ್ತು, ಡೇರೆ ಮಡಚಿ, ಗಾಡಿಗೆ ಹೇರಿಕೊಂಡು ಹೊರಟರೆ ಉಳಿಯುವುದು ನಾಲ್ಕು ಗುಳಿ ಮತ್ತು ಕಡಲೆಕಾಯಿಯ ಸಿಪ್ಪೆ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳ ಭೇದವನ್ನು ನಮ್ಮ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಡೇರೆ ಹೋದದ್ದಕ್ಕೆ ಯಾರೂ ಸಂರಕ್ಷಣಾ ಸಮಿತಿ ಮಾಡಲಿಲ್ಲ. ಆದರೆ ಅದರೊಳಗೆ ಆದ ಕೂಟ ಅರಮನೆಯೊಳಗಿನ ಕೂಟಕ್ಕಿಂತ ಕಡಮೆಯದಾಗಿರಲಿಲ್ಲ.

ಈ ಅಳತೆಗೋಲಿನಿಂದ ಲಂಡನ್ನಿನ ಒಂದು ಮಂದಿರವನ್ನು ಅಳೆದು ನೋಡೋಣ. ಟೂಟಿಂಗ್ ಎಂಬ ದುಡಿಮೆಗಾರರ ಬಡಾವಣೆಯಲ್ಲಿ 1931ರಲ್ಲಿ ‘ಗ್ರನಾಡಾ’ ತೆರೆಯಿತು. ಒಳಗಿನ ಅಲಂಕಾರ ಮಾಡಿದವನು ರಷ್ಯಾದಿಂದ ಬಂದ ರಂಗಕರ್ಮಿ ಥಿಯೊಡೋರ್ ಕೊಮಿಸರ್‌ಜೆವ್‌ಸ್ಕಿ. ಕನ್ನಡಿಗಳ ಪಡಸಾಲೆ, ಹಳೆಯ ಇಗರ್ಜಿಯಂಥ ಕಮಾನುಗಳು. 3,000ಕ್ಕೂ ಹೆಚ್ಚು ಜನ ಕೂರಬಹುದಾಗಿತ್ತು. 1973ರಲ್ಲಿ ಸಿನಿಮಾ ನಿಂತಿತು. 1976ರಿಂದ ಅಲ್ಲಿ ಬಿಂಗೊ ಎಂಬ ಅಂಕಿಯ ಜೂಜು ನಡೆಯಿತು. ಸಭ್ಯಸ್ಥರು ಮೂಗು ಮುರಿದಿರಬಹುದು. ಆದರೆ ಮೊದಲು ಅಲ್ಲಿಗೆ ಸಿನಿಮಾಕ್ಕೆ ಬರುತ್ತಿದ್ದಂಥ ಸಾಮಾನ್ಯ ಜನವೇ ಮತ್ತೆ ಬಂದು, ಅದೇ ಕಮಾನಿನ ಕೆಳಗೆ, ನೆರೆಹೊರೆಯವರ ಜೊತೆ ಕುಳಿತರು. 2000ದಲ್ಲಿ ಇಂಗ್ಲೆಂಡು ಈ ಕಟ್ಟಡಕ್ಕೆ ರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆಯನ್ನು ಕೊಟ್ಟಿತು. ಸಿನಿಮಾ ಮಂದಿರಗಳಲ್ಲಿ ಆ ದರ್ಜೆ ಮೊದಲು ಸಂದದ್ದು ಇದಕ್ಕೇ. ಜೂಜು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬಾಗಿಲು ತನ್ನ ನಡತೆಯನ್ನು ಬಿಡಲಿಲ್ಲ ಎನ್ನುತ್ತಿದ್ದೇನೆ.

ಇಷ್ಟು ಕೇಳಿ ನನ್ನ ಮಿತ್ರರು ಸುಮ್ಮನಾಗಲಿಲ್ಲ. “ನಿಮ್ಮ ಕೋಲನ್ನು ಬೆಂಗಳೂರಿಗೆ ತನ್ನಿ” ಎಂದರು. ತಂದೆ, ತರುತ್ತಲೇ ತೊಡಕಾಯಿತು.

ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಿಂದ ‘ಪ್ಲಾಜಾ’ ಇತ್ತು. ಅದು ಹೋಗಿ ಮೆಟ್ರೊ ರೈಲಿನ ನಿಲ್ದಾಣ ಬಂತು; 2011ರಲ್ಲಿ ರೈಲು ಓಡಿತು. ಒಂದು ಕಂಬವೂ ಉಳಿಯಲಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲ, ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗಳು ಕೂಡುವಲ್ಲಿ, ಹಳೆಯ ಒಪೇರಾ ಹೌಸ್. ನಾಟಕಗಳನ್ನೂ ಆಮೇಲೆ ಸಿನಿಮಾಗಳನ್ನೂ ಕಂಡು, ಬಹುಕಾಲ ಬೀಗ ಹಾಕಿಸಿಕೊಂಡಿದ್ದ ಆ ಕಟ್ಟಡವನ್ನು ಸ್ಯಾಮ್‌ಸಂಗ್ ಕಂಪನಿ ದುರಸ್ತು ಮಾಡಿಸಿ 2018ರಲ್ಲಿ ತನ್ನ ಸರಕುಗಳ ಪ್ರದರ್ಶನಕ್ಕೆ ತೆರೆಯಿತು. ಈಗ ನನ್ನ ಕೋಲು ಏನು ಹೇಳುತ್ತದೆ? ಮೆಟ್ರೊ ನಿಲ್ದಾಣಕ್ಕೆ ಎಲ್ಲ ಬಗೆಯ ಜನರೂ ಬರುತ್ತಾರೆ. ಚೀಟಿಯ ಬೆಲೆಯೂ ಎಲ್ಲರಿಗೆ ಒಂದೇ, ಬಾಲ್ಕನಿಯೂ ಇಲ್ಲ. ಹೊಸ ಫೋನುಗಳ ಮಳಿಗೆಗೆ ಯಾರು ಬೇಕಾದರೂ ಬರಬಹುದೆಂದರೂ, ಸವೆದ ಚಪ್ಪಲಿಯವನ ಕಾಲು ಹೊಸ್ತಿಲಲ್ಲಿ ಕೊಂಚ ತಡೆಯುತ್ತದೆ. ಬಾಗಿಲೇ ಧರ್ಮವಾದರೆ, ಹೇಳಹೆಸರಿಲ್ಲದಂತೆ ಅಳಿದ ಪ್ಲಾಜಾ ಸದ್ಗತಿ ಪಡೆಯಿತು. ಚೆನ್ನಾಗಿ ಉಳಿದ ಒಪೇರಾ ಹೌಸಿಗೆ ಅಷ್ಟು ಪುಣ್ಯವಿಲ್ಲ. ಈ ತೀರ್ಮಾನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ.

ಗಂಟಲಲ್ಲಿ ಏಕೆ ಇಳಿಯುವುದಿಲ್ಲವೆಂದು ಯೋಚಿಸಿದಾಗ ಹೊಳೆದದ್ದು ಇದು. ಹಳೆಯ ಕಟ್ಟಡಕ್ಕೆ ನಾವು ತೀರಿಸಬೇಕಾದ ಋಣ ಒಂದಲ್ಲ, ಎರಡು. ಒಂದು, ಅಲ್ಲಿಗೆ ನಡೆದು ಬಂದ ಕಾಲುಗಳ ಋಣ. ಇನ್ನೊಂದು, ಅದನ್ನು ಕಟ್ಟಿದ ಕೈಗಳ ಋಣ. ಕಾಲುಗಳ ಋಣ ಬಾಗಿಲು ತೆರೆದಿಟ್ಟರೆ ತೀರುತ್ತದೆ. ಕೈಗಳ ಋಣ ಕೆಲಸವನ್ನು ಉಳಿಸಿಕೊಂಡರೆ ಮಾತ್ರ ತೀರುತ್ತದೆ. ಗಾರೆ ಕಲಸಿ ಬೆರಳಿನಿಂದ ಬಳ್ಳಿ ಎಬ್ಬಿಸಿದವನ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ, ಧಣಿಯ ಹೆಸರಿರುತ್ತದೆ. ಬಳ್ಳಿಯೇ ಅವನ ಹೆಸರು. ಅದನ್ನು ಒರಸಿದರೆ ಅವನು ಎರಡನೆಯ ಸಲ ಸಾಯುತ್ತಾನೆ.

ಎರಡು ಋಣಗಳೂ ಒಟ್ಟಿಗೆ ತೀರುವ ಪುಣ್ಯ ಅಪರೂಪ. ಬ್ವೆನೊಸ್ ಐರಿಸಿನಲ್ಲಿ ಅದು ಕೂಡಿಬಂತು. ಕೂಡಿಬರದ ಕಡೆ ಯಾವುದು ಮೊದಲು? ನನ್ನ ಮನಸ್ಸು ಮೊದಲು ಕಾಲುಗಳ ಕಡೆಗೆ ವಾಲಿತ್ತು. ಬದುಕಿರುವವರ ಹಕ್ಕು ಸತ್ತವರ ಹಕ್ಕಿಗಿಂತ ಹೆಚ್ಚಿನದಲ್ಲವೇ? ವಾದದಲ್ಲಿ ನನಗೆ ವಿರೋಧಿಯಾಗಿದ್ದ ಇಂಜಿನಿಯರು ಮಿತ್ರರೇ ಇಲ್ಲಿ ನನ್ನನ್ನು ತಡೆದರು. “ಕಾಲು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಆ ಕೈಗಳನ್ನು ಎಲ್ಲಿಂದ ತರುತ್ತೀರಿ? ಇವತ್ತು ಹಾಗೆ ಗಾರೆ ಮಾಡಬಲ್ಲವರನ್ನು ಹುಡುಕಿ ಕೊಡಿ ನೋಡೋಣ” ಎಂದರು. ಐವತ್ತು ವರ್ಷ ಮೇಸ್ತ್ರಿಗಳ ಜೊತೆ ಬಾಳಿದವರ ಮಾತು, ತಟ್ಟಿತು.

ಹಾಗಾದರೆ ಎಲ್ಲವನ್ನೂ ಉಳಿಸಬೇಕೇ? ಅದೂ ಆಗದು. ಎಲ್ಲವನ್ನೂ ಉಳಿಸುವ ಊರು ವಸ್ತುಸಂಗ್ರಹಾಲಯವಾಗುತ್ತದೆ. ಅಲ್ಲಿ ಬಾಳುವವರು ಕಾವಲುಗಾರರಾಗುತ್ತಾರೆ. ಒಡೆಯನ ಕಷ್ಟವೂ ಕಷ್ಟವೇ. ಖಾಲಿ ಮಂದಿರಕ್ಕೂ ತೆರಿಗೆ ಕಟ್ಟಬೇಕು, ಸೋರುವ ಮಾಡನ್ನು ಹೊದಿಸಬೇಕು. ನಮ್ಮ ಎಳೆತನದ ನೆನಪನ್ನು ಅವನು ತನ್ನ ಖರ್ಚಿನಲ್ಲಿ ಸಾಕಬೇಕೆಂದು ಕೇಳುವುದು ನ್ಯಾಯವಲ್ಲ. ಕೊನೆಯ ಹತ್ತು ವರ್ಷ ಒಂದು ಟಿಕೆಟನ್ನೂ ಕೊಳ್ಳದವರು, ಕೆಡವುವ ದಿನ ಬಂದು ಫೋಟೊ ತೆಗೆದುಕೊಂಡು ನಿಟ್ಟುಸಿರಿಡುವುದನ್ನು ಕಂಡಿದ್ದೇನೆ. ಆ ನಿಟ್ಟುಸಿರು ಅಗ್ಗದ್ದು. ನೆನಪಿಗೆ ಬೆಲೆಯಿದೆ ಎನ್ನುವವರು ಆ ಬೆಲೆಯ ಒಂದು ಪಾಲನ್ನಾದರೂ ತೆರಿಗೆಯ ರೂಪದಲ್ಲೋ ಟಿಕೆಟಿನ ರೂಪದಲ್ಲೋ ತೆರಲು ಸಿದ್ಧರಿರಬೇಕು.

ಬರಿಯ ನೆನಪಿಗಾದರೆ ಕಟ್ಟಡವೇ ಬೇಕಾಗಿಲ್ಲ ಎಂಬುದೂ ಸತ್ಯ. ‘ಮೆಜೆಸ್ಟಿಕ್’ ಎಂಬ ಸಿನಿಮಾ ಮಂದಿರ ಇಲ್ಲವಾಗಿ ಎಷ್ಟೋ ಕಾಲವಾಯಿತು. ಬಸ್ಸಿನ ಕಂಡಕ್ಟರುಗಳು ಇಂದೂ ಮೆಜೆಸ್ಟಿಕ್ ಎಂದೇ ಕೂಗುತ್ತಾರೆ. ರಾಜ್ಯದ ಮೂಲೆಮೂಲೆಯಿಂದ ಬಂದವರು ಅಲ್ಲಿಯೇ ಇಳಿಯುತ್ತಾರೆ. ಗೋಡೆ ಬಿದ್ದ ಮೇಲೆ ಹೆಸರು ಒಂದು ಬಡಾವಣೆಯನ್ನೇ ಆಳುತ್ತಿದೆ. ಆದ್ದರಿಂದ ಕಟ್ಟಡವನ್ನು ಉಳಿಸಿ ಎನ್ನುವವನು ಬರಿಯ ನೆನಪಿನ ನೆಪ ಹೇಳಿದರೆ ಸಾಲದು.

ಹಾಗಿದ್ದರೆ ಯಾವ ಕಾರಣ ಹೇಳಬೇಕು? ನನಗೆ ದೊರೆತ ಉತ್ತರ ದೊಡ್ಡದೇನೂ ಅಲ್ಲ, ವ್ಯವಹಾರದ ಮಾತು. ನಾವು ಮಾಡುವ ಬದಲಾವಣೆಗಳಲ್ಲಿ ಕೆಲವು ತಿದ್ದಿಕೊಳ್ಳಬಹುದಾದವು, ಕೆಲವು ಬಾರದವು. ಗ್ರಾನ್ ಸ್ಪ್ಲೆಂಡಿಡ್ಡಿನ ಕಪಾಟುಗಳನ್ನು ನಾಳೆ ಸರಿಸಬಹುದು. ರಂಗ ಇದೆ, ತೆರೆ ಇದೆ, ಮತ್ತೆ ಯಾರಾದರೂ ಹಾಡಬಹುದು. ಒಪೇರಾ ಹೌಸಿನಿಂದ ಫೋನುಗಳು ಒಂದು ದಿನ ಹೊರಟರೆ ಇನ್ನೊಬ್ಬರು ಬರುವುದಕ್ಕೆ ಗೋಡೆ ಇದೆ. ಪ್ಲಾಜಾವನ್ನು ಯಾರೂ ಮತ್ತೆ ತರಲಾರರು. ನಮ್ಮ ಬುದ್ಧಿ ಇಂದಿನದು; ಮುಂದಿನವರ ಬುದ್ಧಿ ಏನೋ ಬಲ್ಲವರಾರು? ಅವರಿಗೆ ಆಯ್ಕೆಯನ್ನೇ ಉಳಿಸದೆ ಹೋಗುವುದು ಒಂದು ಬಗೆಯ ದರ್ಪ. ತೀರ ಬೇಕಾದರೆ ಕೆಡವೋಣ. ರೈಲು ಬರಬೇಕಾದ ಕಡೆ ರೈಲು ಬರಲಿ. ಆದರೆ ಕೆಡವುವುದು ಕೊನೆಯ ಮಾತಾಗಬೇಕು, ಮೊದಲನೆಯದಾಗಬಾರದು.

ತಾಳಿದ್ದರ ಫಲವನ್ನು ನೋಡಬೇಕಾದರೆ ಮುಂಬಯಿಗೆ ಹೋಗಬಹುದು. ಅಲ್ಲಿನ ರಾಯಲ್ ಒಪೇರಾ ಹೌಸ್ 1911ರಲ್ಲಿ ನಾಟಕ ಸಂಗೀತಗಳಿಗಾಗಿ ತೆರೆಯಿತು, 1930ರ ದಶಕದಲ್ಲಿ ಸಿನಿಮಾ ಮಂದಿರವಾಯಿತು, 1993ರಲ್ಲಿ ಮುಚ್ಚಿತು. ಇಪ್ಪತ್ತಮೂರು ವರ್ಷ ಬೀಗ, ಧೂಳು, ಪಾರಿವಾಳ. ಕೆಡವಿದ್ದರೆ ಕೇಳುವವರಿರಲಿಲ್ಲವೇನೋ, ಆದರೆ ಕೆಡವಲಿಲ್ಲ. ಒಡೆತನದ ಗೊಂಡಲ್ ರಾಜಮನೆತನ ಅದನ್ನು ಜೀರ್ಣೋದ್ಧಾರ ಮಾಡಿಸಿತು. 2016ರಲ್ಲಿ ಮತ್ತೆ ತೆರೆದಾಗ ಅದರ ರಂಗದ ಮೇಲೆ ಸಂಗೀತವೇ ಕೇಳಿಬಂತು. ಆ ಇಪ್ಪತ್ತಮೂರು ವರ್ಷವೂ ಕಲಶ ಹಿಡಿದು ನಿಂತವರು ಯಾರೂ ಇರಲಿಲ್ಲ, ಗೋಡೆಗಳೇ ಕಲಶವಾಗಿದ್ದವು.

ನಮ್ಮ ನಮ್ಮ ಊರುಗಳಲ್ಲಿ ಬಾಗಿಲು ಮುಚ್ಚಿಕೊಂಡು ನಿಂತ ಮಂದಿರ ಒಂದಾದರೂ ಇದ್ದೀತು. ಅದರ ಮುಂದೆ ಹಾದುಹೋಗುವಾಗ ನಿಟ್ಟುಸಿರು ಬಿಡುವುದಕ್ಕಿಂತ, ಒಳಗೆ ಯಾರನ್ನು ಕೂರಿಸಬಹುದೆಂದು ಯೋಚಿಸುವುದು ಮೇಲು. ವಾಚನಾಲಯವೋ, ಸಂಗೀತದ ಶಾಲೆಯೋ, ಮದುವೆಯ ಛತ್ರವೋ, ಏನಾದರೂ ಆಗಲಿ. ಮತ್ತೆ ನಾಲ್ಕು ಜನ ಬೇರೆ ಬೇರೆ ಮನೆಯವರು ಒಟ್ಟಿಗೆ ಕೂರುವಂತಾದರೆ, ಆ ಕಟ್ಟಡ ತನ್ನ ಕೆಲಸವನ್ನು ಮರೆತಿಲ್ಲವೆಂದೇ ತಿಳಿಯಬೇಕು.